ಬಾಗಿಲಿನ ಬಣ್ಣ ಬದಲಾದ ಮೇಲೆ

ಕೇಳುಗರೇ, ನಮಸ್ಕಾರ.

1980ರ ದಶಕದ ಬ್ರಿಟನ್ನಿನ ಒಂದು ಕೌನ್ಸಿಲ್ ಬಡಾವಣೆಯನ್ನು ನೆನೆಸಿಕೊಳ್ಳಿ. ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತವೇ ಕಟ್ಟಿಸಿ, ಕಡಿಮೆ ಬಾಡಿಗೆಗೆ ಕೊಟ್ಟ ಮನೆಗಳ ಸಾಲು ಅದು. ಯಾರು ಮನೆ ಕೊಂಡಿದ್ದಾರೆ, ಯಾರು ಇನ್ನೂ ಬಾಡಿಗೆಗಿದ್ದಾರೆ ಅಂತ ಬಾಗಿಲು ನೋಡಿಯೇ ಹೇಳಬಹುದಿತ್ತು. ಬಾಡಿಗೆ ಮನೆಗಳಿಗೆಲ್ಲ ಕೌನ್ಸಿಲ್ ಬಳಿಸಿದ ಒಂದೇ ಬಣ್ಣ. ಮನೆ ಕೊಂಡ ಎಷ್ಟೋ ಜನ ಮೊದಲು ಬಾಗಿಲನ್ನೇ ಬದಲಿಸುತ್ತಿದ್ದರು.

ಆ ಹೊಸ ಬಾಗಿಲಿನ ಹಿಂದೆ ಇದ್ದ ಸಂತೋಷ ನಿಜವಾದದ್ದು. ಅದನ್ನು ಮರೆತು, ಸರ್ಕಾರಿ ಬಾಡಿಗೆ ಮನೆಗಳನ್ನು ಮಾರಿದ ವಿಷಯ ಮಾತಾಡಬಾರದು. ಇಪ್ಪತ್ತು ವರ್ಷ ಬಾಡಿಗೆ ಕಟ್ಟಿದ್ದೀರಿ, ಮಕ್ಕಳು ಅಲ್ಲೇ ಬೆಳೆದಿದ್ದಾರೆ. ಆದರೂ ಬಾಗಿಲಿಗೆ ಬೇರೆ ಬಣ್ಣ ಹಚ್ಚೋಕೆ ಕಚೇರಿಯ ಒಪ್ಪಿಗೆ ಬೇಕು. ಬೇಸರ ಆಗುತ್ತೆ ಅಲ್ವಾ?

ಈ ಮನೆಗಳು ಬಂದದ್ದು ಒಂದು ಮಾತಿನಿಂದ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಒಳ್ಳೆಯ ಮನೆ ಕೊಡುತ್ತೇವೆ ಅಂತ ಅಲ್ಲಿನ ಸರ್ಕಾರ ಹೇಳಿತ್ತು. ಅದಕ್ಕಾಗಿ 1919ರಲ್ಲಿ ಕಾನೂನು ಬಂತು. ಎರಡನೇ ಮಹಾಯುದ್ಧದ ನಂತರ ಸಚಿವ ಅನ್ಯೂರಿನ್ ಬೆವನ್ ಇನ್ನೂ ಮುಂದೆ ಹೋದರು. ವೈದ್ಯರೂ ಕೂಲಿಯವರೂ ಒಂದೇ ಬೀದಿಯಲ್ಲಿ ಇರಬೇಕು ಅನ್ನೋದು ಅವರ ಆಸೆ. 1979ರ ಹೊತ್ತಿಗೆ ಆ ದೇಶದ ಸುಮಾರು ಮೂರರಲ್ಲಿ ಒಂದು ಕುಟುಂಬ ಕೌನ್ಸಿಲ್ ಮನೆಯಲ್ಲಿತ್ತು.

1980ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಬಾಡಿಗೆದಾರರಿಗೆ ಮನೆ ಕೊಳ್ಳುವ ಹಕ್ಕು ಕೊಟ್ಟಿತು. ಮೂರು ವರ್ಷ ಬಾಡಿಗೆಗಿದ್ದರೆ ಬೆಲೆಯಲ್ಲಿ ಶೇಕಡ 33 ರಿಯಾಯಿತಿ. ಜಾಸ್ತಿ ವರ್ಷ ಇದ್ದವರಿಗೆ ಶೇಕಡ 50ರವರೆಗೆ. ಆಮೇಲೆ ಫ್ಲ್ಯಾಟುಗಳಿಗೆ ಅದು 70ರವರೆಗೂ ಏರಿತು. ಈವರೆಗೆ ಇಂಗ್ಲೆಂಡ್ ಒಂದರಲ್ಲೇ ಸುಮಾರು 20 ಲಕ್ಷ ಮನೆಗಳು ಹೀಗೆ ಕೈ ಬದಲಾಗಿವೆ.

ಕೊಂಡವರ ಮೇಲೆ ನನಗೆ ಒಂದಿಷ್ಟೂ ದೂರಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಕೊಳ್ಳುತ್ತಿದ್ದೆ. ನನ್ನನ್ನು ಕಾಡುವುದು ಮಾರಿ ಬಂದ ಹಣದ ಕಥೆ. ಒಂದು ಮನೆ ಮಾರಿದರೆ ಆ ಹಣದಲ್ಲಿ ಇನ್ನೊಂದು ಕಟ್ಟಬೇಕು ಅನ್ನೋದು ಸಾಮಾನ್ಯ ಲೆಕ್ಕ. ಆದರೆ ಆ ಹಣದ ದೊಡ್ಡ ಪಾಲನ್ನು ಕೌನ್ಸಿಲುಗಳು ಖರ್ಚು ಮಾಡದಂತೆ ಕೇಂದ್ರ ಸರ್ಕಾರವೇ ತಡೆಯಿತು. 1953ರಲ್ಲಿ ಕೌನ್ಸಿಲುಗಳು ಒಂದೇ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಮನೆ ಕಟ್ಟಿದ್ದವು. 1990ರ ದಶಕದ ಕೊನೆಗೆ ಅದು ವರ್ಷಕ್ಕೆ ಕೆಲವು ನೂರಕ್ಕೆ ಇಳಿದಿತ್ತು. ಲಾಭಕ್ಕೆ ನಡೆಯದ ವಸತಿ ಸಂಘಗಳು ಒಂದಷ್ಟು ಕಟ್ಟಿದವು, ಸಾಕಾಗಲಿಲ್ಲ. ಅಪ್ಪ ಅಮ್ಮನಿಗೆ ಅಗ್ಗವಾಗಿ ಸಿಕ್ಕ ಮನೆ ಅದೇ ಬೀದಿಯ ಮುಂದಿನ ತಲೆಮಾರಿಗೆ ಸಿಗಲಿಲ್ಲ. ಮಾರಿದ ಫ್ಲ್ಯಾಟುಗಳಲ್ಲಿ ಎಷ್ಟೋ ಮತ್ತೆ ಬಾಡಿಗೆಗೇ ಬಂದವು. ಈ ಸಲ ಖಾಸಗಿ ಮಾಲೀಕರಿಂದ, ಮಾರುಕಟ್ಟೆಯ ದರಕ್ಕೆ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಮಾರುಕಟ್ಟೆ ಬಂತು ಅಂದರೆ ಸರ್ಕಾರ ಪಕ್ಕಕ್ಕೆ ಸರಿಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಖರ್ಚಿನ ಪುಸ್ತಕ ತೆರೆದರೆ ಹಾಗೆ ಕಾಣುವುದಿಲ್ಲ. 1989ರಿಂದ ಬ್ರಿಟನ್ನಿನಲ್ಲಿ ಹೊಸ ಖಾಸಗಿ ಬಾಡಿಗೆಗಳ ಮೇಲಿನ ಮಿತಿ ಹೋಯಿತು. ಬಾಡಿಗೆ ಏರಿದರೆ ಕಟ್ಟಲಾಗದವರು ಏನು ಮಾಡಬೇಕು? ಬಾಡಿಗೆ ಕಟ್ಟಲು ಸರ್ಕಾರ ಕೊಡುವ ನೆರವು ಆ ಭಾರ ಹೊರುತ್ತದೆ ಅಂತ ವಸತಿ ಸಚಿವ ಜಾರ್ಜ್ ಯಂಗ್ 1991ರಲ್ಲಿ ಹೇಳಿದರು. ಹಾಗೇ ಆಯಿತು. 1970ರ ದಶಕದ ನಡುವೆ ಸರ್ಕಾರದ ವಸತಿ ಹಣದ ಬಹುಪಾಲು ಮನೆ ಕಟ್ಟಲು, ಬಾಡಿಗೆ ಕಡಿಮೆ ಇಡಲು ಹೋಗುತ್ತಿತ್ತು. 2000ದ ಹೊತ್ತಿಗೆ ಬಹುಪಾಲು ಬಾಡಿಗೆ ನೆರವಿಗೇ ಹೋಗುತ್ತಿತ್ತು. ಇಟ್ಟಿಗೆಗೆ ಹಾಕಿದ ಹಣ ಅರವತ್ತು ವರ್ಷ ಮನೆಯಾಗಿ ನಿಲ್ಲುತ್ತದೆ. ಬಾಡಿಗೆಗೆ ಕೊಟ್ಟ ಹಣ ತಿಂಗಳ ಕೊನೆಗೆ ಮುಗಿಯುತ್ತದೆ. ಮುಂದಿನ ತಿಂಗಳು ಮತ್ತೆ ಕೊಡಬೇಕು.

ಈಗ ರಷ್ಯಾಕ್ಕೆ ಬರೋಣ. ಸೋವಿಯತ್ ಕಾಲದಲ್ಲಿ ಮನೆ ಬಾಡಿಗೆಯ ದರ 1928ರಿಂದ ಬದಲಾಗಿರಲೇ ಇಲ್ಲ. ಮನೆ ಸಿಗಬೇಕಾದರೆ ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕು, ಅದೂ ನಿಜ. 1991ರ ಜುಲೈನಲ್ಲಿ ಒಂದು ಕಾನೂನು ಬಂತು. ನೀವಿರುವ ಫ್ಲ್ಯಾಟು ನಿಮ್ಮದು, ಉಚಿತವಾಗಿ. ಬ್ರಿಟನ್ನಿನಲ್ಲಿ ರಿಯಾಯಿತಿ ಇತ್ತು, ಇಲ್ಲಿ ಬೆಲೆಯೇ ಇಲ್ಲ. ಪೂರ್ವ ಯುರೋಪಿನ ಬೇರೆ ದೇಶಗಳಲ್ಲೂ ಮನೆಗಳು ತೀರಾ ಅಗ್ಗಕ್ಕೆ ಹೋದವು. ರೊಮೇನಿಯಾದಲ್ಲಿ ಈಗ ಶೇಕಡ 90ಕ್ಕೂ ಹೆಚ್ಚು ಜನ ಸ್ವಂತ ಮನೆಯಲ್ಲಿದ್ದಾರೆ.

ಕೇಳೋಕೆ ಎಷ್ಟು ಚೆನ್ನಾಗಿದೆ! ಆದರೆ ಫ್ಲ್ಯಾಟಿನ ಒಳಗೋಡೆಗೆ ಮಾಲೀಕರು ಸಿಕ್ಕರು, ಮೆಟ್ಟಿಲಿಗೆ ಸಿಗಲಿಲ್ಲ. ಸೋರುವ ಸೂರು, ಕೆಟ್ಟ ಲಿಫ್ಟು, ತುಕ್ಕು ಹಿಡಿದ ಬಿಸಿನೀರಿನ ಕೊಳವೆ, ಇವೆಲ್ಲ ಯಾರದ್ದು? ನಿವೃತ್ತಿ ವೇತನದಲ್ಲಿ ಬದುಕುವ ಅಜ್ಜಿಯೂ ಕಾಗದದ ಮೇಲೆ ಮಾಲೀಕಳು. ಇಡೀ ಕಟ್ಟಡದ ರಿಪೇರಿಗೆ ಪಾಲು ಹಾಕಲು ಆಕೆಯ ಕೈಯಲ್ಲಿ ಹಣವಿಲ್ಲ. ಬಾಕಿ ಇದ್ದ ದೊಡ್ಡ ರಿಪೇರಿ ಸರ್ಕಾರದ್ದೇ ಅಂತ ಕಾನೂನು ಹೇಳಿತ್ತು. ಬಹಳ ಕಡೆ ಅದು ನಡೆಯಲಿಲ್ಲ. ಕೊನೆಗೆ 2012ರ ಡಿಸೆಂಬರಿನಲ್ಲಿ ಇನ್ನೊಂದು ಕಾನೂನು ಮಾಡಿ, ರಿಪೇರಿ ನಿಧಿಗೆ ಮಾಲೀಕರೇ ಪ್ರತಿ ತಿಂಗಳೂ ಹಣ ಕಟ್ಟಬೇಕು ಅಂದರು. ಉಚಿತವಾಗಿ ಸಿಕ್ಕ ಮನೆಯ ಬಿಲ್ಲು ಇಪ್ಪತ್ತು ವರ್ಷ ತಡವಾಗಿ ಬಂತು.

ಚೀನಾದಲ್ಲೂ 1998ರಲ್ಲಿ, ಕೆಲಸದ ಸಂಸ್ಥೆಗಳೇ ನೌಕರರಿಗೆ ಮನೆ ಹಂಚುವ ಪದ್ಧತಿಯನ್ನು ನಿಲ್ಲಿಸಿದರು. ಅದೇ ಒಂದು ದೊಡ್ಡ ಕಥೆ, ಇನ್ನೊಮ್ಮೆ ಹೇಳುತ್ತೇನೆ.

ಎಲ್ಲರೂ ಇದೇ ದಾರಿ ಹಿಡಿಯಲೇಬೇಕು ಅಂತೇನೂ ಇರಲಿಲ್ಲ. ಆಸ್ಟ್ರಿಯಾದ ವಿಯೆನ್ನಾ ನಗರ 1923ರಲ್ಲಿ ಮನೆ ಕಟ್ಟಲೆಂದೇ ಒಂದು ತೆರಿಗೆ ಹಾಕಿತು. ದೊಡ್ಡ, ಐಷಾರಾಮಿ ಮನೆಗಳಿಗೆ ಅದರ ಭಾರ ಜಾಸ್ತಿ. 1934ರೊಳಗೆ 60 ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು. ಆ ನಗರ ತನ್ನ ಮನೆಗಳನ್ನು ಮಾರಲು ಹೊರಡಲಿಲ್ಲ. ಇವತ್ತಿಗೂ ಸುಮಾರು 2 ಲಕ್ಷ 20 ಸಾವಿರ ಫ್ಲ್ಯಾಟು ನಗರಾಡಳಿತದ ಕೈಯಲ್ಲೇ ಇವೆ. ಸಹಾಯಧನ ಪಡೆದ ವಸತಿ ಸಂಘಗಳ ಮನೆಗಳನ್ನೂ ಸೇರಿಸಿದರೆ, ನಗರದ ಸುಮಾರು ಅರ್ಧ ಜನ ಅಂಥ ಮನೆಗಳಲ್ಲಿದ್ದಾರೆ. ಅಷ್ಟು ಮನೆಗಳು ಸಾಧಾರಣ ಬಾಡಿಗೆಗೆ ಸಿಗುವಾಗ ಖಾಸಗಿ ಮಾಲೀಕರೂ ಮನಸ್ಸಿಗೆ ಬಂದಷ್ಟು ಕೇಳೋದು ಕಷ್ಟ.

ಜರ್ಮನಿಯ ಡ್ರೆಸ್ಡೆನ್ ನಗರ ಬೇರೆ ಲೆಕ್ಕ ಹಾಕಿತು. ಮೈತುಂಬ ಸಾಲವಿತ್ತು. 2006ರಲ್ಲಿ ತನ್ನ ವಸತಿ ಕಂಪನಿಯನ್ನೇ, ಸುಮಾರು 48 ಸಾವಿರ ಫ್ಲ್ಯಾಟುಗಳ ಸಮೇತ, ಹೂಡಿಕೆದಾರರಿಗೆ ಮಾರಿತು. ಸಾಲವೆಲ್ಲ ತೀರಿತು. ಆಗ ಅದನ್ನು ಜಾಣತನ ಅಂದವರೂ ಇದ್ದರು. ನಗರ ಬೆಳೆಯಿತು, ಕಡಿಮೆ ಬಾಡಿಗೆಯ ಮನೆ ಹುಡುಕುವವರು ಹೆಚ್ಚಾದರು, ಕೊಡೋಕೆ ನಗರದ ಹತ್ತಿರ ಸ್ವಂತ ಮನೆ ಇರಲಿಲ್ಲ. 2017ರಲ್ಲಿ ಅದೇ ಡ್ರೆಸ್ಡೆನ್ ಮತ್ತೆ ಹೊಸದಾಗಿ ಒಂದು ವಸತಿ ಕಂಪನಿ ತೆರೆಯಿತು. ಈಗ ಒಂದೊಂದೇ ಕಟ್ಟಡ ಕಟ್ಟುತ್ತಾ ಬರುತ್ತಿದೆ.

ನಮಸ್ಕಾರ.