ಸೊನ್ನೆ ಸುತ್ತಿದ ದಾರಿ

ಕೇಳುಗರೇ, ನಮಸ್ಕಾರ.

ಇವತ್ತು ಒಂದೇ ಒಂದು ಪದದ ಬೆನ್ನು ಹಿಡಿದು ಹೋಗೋಣ. ಆ ಪದ ಸೊನ್ನೆ.

ಸೊನ್ನೆ ಅಚ್ಚ ಕನ್ನಡದ ಪದ ಅನ್ನಿಸುತ್ತದೆ, ಅಲ್ವಾ? ಅಷ್ಟು ಚೆನ್ನಾಗಿ ನಮ್ಮ ಬಾಯಿಗೆ ಒಗ್ಗಿದೆ. ಆದರೆ ಇದರ ಮೂಲ ಸಂಸ್ಕೃತದ ಶೂನ್ಯ. ಅದು ಪ್ರಾಕೃತದಲ್ಲಿ ಸುಣ್ಣ ಆಯಿತು, ನಮ್ಮಲ್ಲಿ ಸೊನ್ನೆ ಆಯಿತು. ತೆಲುಗಿನವರಿಗೆ ಅದು ಸುನ್ನ. ನಾವೂ ಅವರೂ ಇದಕ್ಕೆ ಇನ್ನೊಂದು ಕೆಲಸವನ್ನೂ ಕೊಟ್ಟಿದ್ದೇವೆ. ಅಕ್ಷರದ ಪಕ್ಕ ಬರುವ ಅನುಸ್ವಾರವೂ ನಮಗೆ ಸೊನ್ನೆಯೇ. ಮಲಯಾಳದಲ್ಲಿ ಇದನ್ನು ಪೂಜ್ಯಂ ಅನ್ನುತ್ತಾರೆ. ತಮಿಳಿನಲ್ಲೂ ಆ ಮಾತು ಉಂಟು. ಏನೂ ಇಲ್ಲದ್ದಕ್ಕೆ ಇಷ್ಟು ಮರ್ಯಾದೆಯ ಹೆಸರು! ನನಗಂತೂ ಇದು ತುಂಬ ಇಷ್ಟ.

ಇನ್ನು ಶೂನ್ಯದ ಬೇರು ನೋಡಿ. ಶ್ವಿ ಅನ್ನುವ ಧಾತು. ಅದರ ಅರ್ಥ ಊದಿಕೊಳ್ಳುವುದು. ಊದಿದ್ದರ ಒಳಗೆ ಇರುವುದು ಟೊಳ್ಳು ತಾನೇ? ಹಾಗೆ ಬಂದದ್ದು ಬರಿದು ಅನ್ನುವ ಅರ್ಥ. 628ರಲ್ಲಿ ಬ್ರಹ್ಮಗುಪ್ತ ಈ ಶೂನ್ಯವನ್ನು ಕೂಡುವುದಕ್ಕೆ, ಕಳೆಯುವುದಕ್ಕೆ ನಿಯಮಗಳನ್ನೇ ಬರೆದಿಟ್ಟ.

ಇಲ್ಲಿಂದ ಲೆಕ್ಕ ಅರಬ್ಬರ ಕೈಗೆ ಹೋಯಿತು. 9ನೇ ಶತಮಾನದಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿ ಭಾರತದ ಅಂಕಿಗಳ ಬಗ್ಗೆ ಪುಸ್ತಕ ಬರೆದ. ಆದರೆ ಅರಬ್ಬರು ಶೂನ್ಯ ಅನ್ನುವ ಸದ್ದನ್ನು ತೆಗೆದುಕೊಳ್ಳಲಿಲ್ಲ. ಅರ್ಥವನ್ನಷ್ಟೇ ತೆಗೆದುಕೊಂಡರು. ಬರಿದು ಅನ್ನುವುದಕ್ಕೆ ತಮ್ಮದೇ ಪದ ಇತ್ತು, ಸಿಫ್ರ್. ಅದನ್ನೇ ಇಟ್ಟರು. ಹಿಂದಿ, ಉರ್ದುವಿನ ಸಿಫರ್ ಇದೇ. ಪ್ರಯಾಣ ಅನ್ನುವ ಸಫರ್ ಜೊತೆ ಇದನ್ನು ಸೇರಿಸಬೇಡಿ. ಅರಬ್ಬಿಯಲ್ಲಿ ಆ ಎರಡಕ್ಕೂ ಸಕಾರವೇ ಬೇರೆ ಬೇರೆ.

ಯುರೋಪಿನಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ಅಲ್ಲಿಗೆ ಸದ್ದು ಹೋಯಿತು, ಅರ್ಥ ದಾರಿಯಲ್ಲೇ ಬದಲಾಯಿತು. 1202ರಲ್ಲಿ ಇಟಲಿಯ ಫಿಬೊನಾಚಿ ಲ್ಯಾಟಿನ್‌ನಲ್ಲಿ ಝೆಫಿರಮ್ ಅಂತ ಬರೆದ. ಅದು ಇಟಾಲಿಯನ್ ಬಾಯಲ್ಲಿ ಸವೆದು ಸವೆದು ಝೀರೋ ಆಯಿತು. ಅದೇ ಸಿಫ್ರ್ ಇನ್ನೊಂದು ದಾರಿಯಲ್ಲಿ ಸಿಫ್ರಾ ಆಗಿ ಹೊರಟಿತು. ಮೊದಮೊದಲು ಅದಕ್ಕೂ ಸೊನ್ನೆ ಅಂತಲೇ ಅರ್ಥ. ಆಮೇಲೆ ಎಲ್ಲ ಅಂಕಿಗಳಿಗೂ ಅದೇ ಹೆಸರಾಯಿತು. ಫ್ರೆಂಚಿನ ಶಿಫ್ರ್, ಜರ್ಮನ್ನಿನ ತ್ಸಿಫರ್, ಸ್ವೀಡನ್ನಿನ ಸಿಫ್ರಾ, ಎಲ್ಲವೂ ಅಂಕಿ. ಡಚ್ಚರು ಸೈಫರ್ ಅಂದರೆ ಅಂಕಿಯೂ ಹೌದು, ಪರೀಕ್ಷೆಯ ಅಂಕವೂ ಹೌದು. ಯಾವ ಮಗುವಿಗೂ ಬೇಡವಾದ ಸೊನ್ನೆ ಅಲ್ಲಿ ಒಳ್ಳೆಯ ಅಂಕಕ್ಕೂ ಹೆಸರಾಗಿ ಕೂತಿದೆ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಗುಟ್ಟಿನ ಪತ್ರ ಬರೆಯುವವರು ಅಕ್ಷರದ ಬದಲು ಅಂಕಿ ಬಳಸುತ್ತಿದ್ದರು. ಹಾಗಾಗಿ ಸಿಫ್ರಾ ಅಂದರೆ ಗುಟ್ಟಿನ ಬರಹ ಅಂತಲೂ ಆಯಿತು. ಇಂಗ್ಲಿಷಿನ ಸೈಫರ್ ಹಾಗೆ ಬಂದದ್ದು. ಅದೇ ಇಂಗ್ಲಿಷಿನಲ್ಲಿ, ಯಾರೂ ಲೆಕ್ಕಕ್ಕೆ ಇಡದ ಮನುಷ್ಯನನ್ನೂ ಸೈಫರ್ ಅನ್ನುವುದುಂಟು. ಹಳೆಯ ಬರಿದು ಇನ್ನೂ ಅಲ್ಲಿ ಉಳಿದಿದೆ. ರಷ್ಯನ್ನರು ಎರಡನ್ನೂ ಬೇರೆ ಮಾಡಿಕೊಂಡರು. ಅವರಿಗೆ ತ್ಸಿಫ್ರಾ ಅಂದರೆ ಅಂಕಿ, ಶಿಫ್ರ್ ಅಂದರೆ ಗುಟ್ಟಿನ ಬರಹ.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಟರ್ಕಿಯ ಭಾಷೆ. ಅದು ಅರಬ್ಬಿಯಿಂದ ನೇರವಾಗಿ ಸಿಫಿರ್ ತಂದುಕೊಂಡಿತು. ಅದು ಸೊನ್ನೆ. ಎಷ್ಟೋ ಕಾಲದ ಮೇಲೆ ಫ್ರೆಂಚಿನಿಂದ ಶಿಫ್ರೆ ತಂದುಕೊಂಡಿತು. ಅದು ಗುಟ್ಟಿನ ಬರಹ, ಈಗ ಪಾಸ್‌ವರ್ಡ್ ಕೂಡ. ಯುರೋಪೆಲ್ಲ ಸುತ್ತಿ ಬಂದ ಪದ ತನ್ನ ಒಡಹುಟ್ಟಿದ ಪದದ ಪಕ್ಕದಲ್ಲೇ ಬಂದು ಕೂತಿದೆ.

ನಮ್ಮ ಬಾಯಲ್ಲೂ ಹೀಗೇ ಆಗಿದೆ. ಫೋನ್ ನಂಬರ್ ಹೇಳುವಾಗ ಒಮ್ಮೆ ಸೊನ್ನೆ ಅನ್ನುತ್ತೇವೆ, ಒಮ್ಮೆ ಝೀರೋ. ಒಂದು ಶೂನ್ಯದ ಸದ್ದು ಹಿಡಿದು ಬಂದದ್ದು. ಇನ್ನೊಂದು ಅದರ ಅರ್ಥ ಹೊತ್ತು ಬಾಗ್ದಾದ್, ಇಟಲಿ ಎಲ್ಲ ದಾಟಿ ಬಂದದ್ದು.

ನಮಸ್ಕಾರ.