ಪುಸ್ತಕದಲ್ಲಿದೆ, ಚಿಪ್‌ನಲ್ಲಿಲ್ಲ: ಸ್ಪಾರ್ಕ್ ಮತ್ತು 128 ಬಿಟ್ ಲೆಕ್ಕ

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ತಮಾಷೆ ನೋಡೋಣ. ನಿಮ್ಮ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಸಿ ಭಾಷೆಯ ಲಾಂಗ್ ಡಬಲ್, ಅಂದರೆ ದಶಮಾಂಶ ಸಂಖ್ಯೆ ಇಡುವ ಅತಿ ದೊಡ್ಡ ಬಗೆ, ಎಷ್ಟು ಬೈಟ್ ಅಂತ ಕೇಳಿ. ಇಂಟೆಲ್ ಆಗಲಿ ಎಎಂಡಿ ಆಗಲಿ, 64 ಬಿಟ್ ಆದರೆ 16 ಅನ್ನುತ್ತದೆ. ಅದೇ ಪ್ರೋಗ್ರಾಮನ್ನು ಜೇಬಿನಲ್ಲಿರುವ 64 ಬಿಟ್ ಆಂಡ್ರಾಯ್ಡ್ ಫೋನಿನಲ್ಲಿ ಓಡಿಸಿ. ಅಲ್ಲೂ 16. ಹಾಗಾದರೆ ಎರಡೂ ಒಂದೇ ಅಲ್ವಾ? ಅಲ್ಲ. ಲ್ಯಾಪ್‌ಟಾಪ್‌ನ 16ರಲ್ಲಿ ಸರಕು ಇರುವುದು 10 ಬೈಟ್ ಮಾತ್ರ, ಮಿಕ್ಕಿದ್ದು ಸುಮ್ನೆ ಖಾಲಿ ಜಾಗ. ಫೋನಿನಲ್ಲಿ 128 ಬಿಟ್ಟೂ ಕೆಲಸಕ್ಕೆ ಬರುತ್ತದೆ. ಇದೇ ಕ್ವಾಡ್ ಪ್ರಿಸಿಷನ್. ಚಿಹ್ನೆಗೆ 1 ಬಿಟ್, ಘಾತಕ್ಕೆ 15, ಅಂಕಿಗಳಿಗೆ 112. ನಮ್ಮ ದಶಮಾನದಲ್ಲಿ ಹೇಳಿದರೆ ಹತ್ತಿರ ಹತ್ತಿರ 34 ಅಂಕಿ.

ಅಷ್ಟೊಂದು ಅಂಕಿ ಯಾರಿಗೆ ಬೇಕು ಅಂತ ಕೇಳಬಹುದು. ಸಾಮಾನ್ಯವಾಗಿ ಬಳಸುವ 8 ಬೈಟಿನ ಡಬಲ್‌ನಲ್ಲಿ 1ರ ಮುಂದೆ 16 ಸೊನ್ನೆ ಇರುವ ಸಂಖ್ಯೆ ತೆಗೆದುಕೊಳ್ಳಿ, 1 ಕೂಡಿಸಿ, ಆಮೇಲೆ ಅದೇ ದೊಡ್ಡ ಸಂಖ್ಯೆಯನ್ನು ಕಳೆಯಿರಿ. 1 ಬರಬೇಕು. ಬರುವುದು 0. ನೀವು ಹಾಕಿದ ಒಂದು ರೂಪಾಯಿ ಎಲ್ಲೋ ಮಾಯ. ಕ್ವಾಡ್‌ನಲ್ಲಿ ಆ 1 ಹಾಗೇ ವಾಪಸ್ ಬರುತ್ತದೆ. ಕಣ ಭೌತಶಾಸ್ತ್ರದ ಲೆಕ್ಕಗಳಲ್ಲಿ ಹೀಗೆ ದೊಡ್ಡದರಿಂದ ದೊಡ್ಡದನ್ನು ಕಳೆಯುವ ಪ್ರಸಂಗ ತುಂಬಾ. ಹಾಗಾಗಿ ಬೇಕಾದವರಿಗೆ ಇದು ನಿಜವಾಗಲೂ ಬೇಕು.

ಇವತ್ತಿನ ಮಾತು ಸ್ಪಾರ್ಕ್ ಬಗ್ಗೆ. ಸನ್ ಕಂಪನಿ ರೂಪಿಸಿದ್ದ ಪ್ರೊಸೆಸರ್ ಕುಟುಂಬ. ಯಾಕೆ ಇದನ್ನೇ ಆರಿಸಿಕೊಂಡೆ ಅಂದರೆ, ಇಷ್ಟು ವಿಚಿತ್ರ ಕಥೆ ಬೇರೆ ಎಲ್ಲೂ ನಾನು ನೋಡಿಲ್ಲ. ಸ್ಪಾರ್ಕ್‌ನ 32 ಬಿಟ್ ಆವೃತ್ತಿ ವಿ8, 64 ಬಿಟ್ ಆವೃತ್ತಿ ವಿ9, ಇವುಗಳ ಕೈಪಿಡಿಗಳನ್ನು ತೆರೆದರೆ ಕ್ವಾಡ್ ಕೂಡಿಸುವ, ಕಳೆಯುವ, ಗುಣಿಸುವ, ಭಾಗಿಸುವ, ವರ್ಗಮೂಲ ತೆಗೆಯುವ ಇನ್‌ಸ್ಟ್ರಕ್ಷನ್‌ಗಳು, ಅಂದರೆ ಚಿಪ್‌ಗೆ ಕೊಡುವ ಆದೇಶಗಳು, ಸಾಲಾಗಿ ಕೂತಿವೆ. ಓಹೋ, ಎಲ್ಲ ಇದೆ, ಬ್ಯಾಕೆಂಡ್, ಅಂದರೆ ಕಂಪೈಲರ್‌ನಲ್ಲಿ ಚಿಪ್‌ಗೆ ತಕ್ಕ ಕೋಡ್ ತಯಾರಿಸುವ ಭಾಗ, ಬರೆಯೋದು ಒಂದು ಸಂಜೆಯ ಕೆಲಸ ಅನ್ನಿಸುತ್ತದೆ. ಆದರೆ ಜಿಸಿಸಿ ಕಂಪೈಲರ್‌ನ ಕೈಪಿಡಿಯಲ್ಲಿ ಬೇರೆಯೇ ಮಾತಿದೆ: ಈ ಇನ್‌ಸ್ಟ್ರಕ್ಷನ್‌ಗಳನ್ನು ಹಾರ್ಡ್‌ವೇರಿನಲ್ಲಿ ಮಾಡುವ ಸ್ಪಾರ್ಕ್ ಚಿಪ್ ಒಂದೂ ಇಲ್ಲ! ಊಟದ ಪಟ್ಟಿಯಲ್ಲಿ ಹೋಳಿಗೆ ಇದೆ, ಅಡುಗೆಮನೆಯಲ್ಲಿ ಇಲ್ಲ.

ಹಾಗಾದರೆ ಆ ಇನ್‌ಸ್ಟ್ರಕ್ಷನ್ ಕೊಟ್ಟರೆ ಏನಾಗುತ್ತದೆ? ಪ್ರೋಗ್ರಾಮ್ ಸಾಯುವುದಿಲ್ಲ. ಚಿಪ್ ‘ಇದು ನನ್ನಿಂದಾಗದು’ ಅಂತ ಟ್ರ್ಯಾಪ್ ಎಬ್ಬಿಸುತ್ತದೆ, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಎದ್ದು ಬರುತ್ತದೆ, ಯಾವ ಇನ್‌ಸ್ಟ್ರಕ್ಷನ್ ಅಂತ ಬಿಟ್ ಬಿಟ್ ಬಿಡಿಸಿ ಓದುತ್ತದೆ, ಚಿಪ್ ಒಳಗೆ ಸಂಖ್ಯೆ ಇಡುವ ಗೂಡುಗಳಾದ ರಿಜಿಸ್ಟರ್‌ಗಳಿಂದ ಸಂಖ್ಯೆ ತೆಗೆದು ಸಾಫ್ಟ್‌ವೇರಿನಲ್ಲಿ ಕೂಡಿಸಿ, ಉತ್ತರ ವಾಪಸ್ ಇಟ್ಟು, ಏನೂ ಆಗಿಲ್ಲ ಎನ್ನುವಂತೆ ಹೊರಟುಹೋಗುತ್ತದೆ. ಉತ್ತರ ಸರಿಯೇ. ಆದರೆ ಒಂದು ಸಂಕಲನಕ್ಕೆ ಇಷ್ಟು ಮೆರವಣಿಗೆ! ಇದಕ್ಕಿಂತ ನೇರವಾಗಿ ಲೈಬ್ರರಿ ಫಂಕ್ಷನ್ ಕರೆಯೋದು ಎಷ್ಟೋ ವೇಗ. ಅದಕ್ಕೇ ಕಂಪೈಲರ್‌ಗಳು ಆ ಇನ್‌ಸ್ಟ್ರಕ್ಷನ್‌ಗಳನ್ನು ತಾವಾಗಿ ಬಳಸುವುದಿಲ್ಲ. ಹಾರ್ಡ್ ಕ್ವಾಡ್ ಅಂತ ನೀವೇ ಆಪ್ಶನ್ ಕೊಟ್ಟು ಹಟ ಹಿಡಿದರೆ ಮಾತ್ರ.

ಈಗ ಬ್ಯಾಕೆಂಡ್ ಕಡೆ ಬರೋಣ. ಕ್ಲ್ಯಾಂಗ್ ಕಂಪೈಲರ್‌ನ ಒಳಗಿರುವ ಎಲ್‌ಎಲ್‌ವಿಎಂ ಅನ್ನೇ ಮನಸ್ಸಿನಲ್ಲಿಟ್ಟುಕೊಳ್ಳಿ. ಕೂಡೋದನ್ನು ಲೈಬ್ರರಿಗೆ ಬಿಟ್ಟೆವು, ಇನ್ನು ಉಳಿದದ್ದೇನು ಅಂದರೆ, ಸಂಖ್ಯೆಯನ್ನು ಹೊತ್ತು ತಿರುಗೋದು. ನನ್ನ ಪ್ರಕಾರ ಕೆಲಸದ ಬಹುಪಾಲು ಇದೇ.

ಮೊದಲು ರಿಜಿಸ್ಟರ್. ವಿ9ರಲ್ಲಿ 32 ಡಬಲ್ ರಿಜಿಸ್ಟರ್ ಇವೆ, ಅಕ್ಕಪಕ್ಕದ ಎರಡು ಸೇರಿದರೆ ಒಂದು ಕ್ವಾಡ್, ಒಟ್ಟು 16. ಇವು ಬೇರೆ ಜಾಗವಲ್ಲ, ಅದೇ ಮನೆಗೆ ಇನ್ನೊಂದು ಹೆಸರು. ಹಾಗಾಗಿ ಒಂದು ಕ್ವಾಡ್ ಮುಟ್ಟಿದರೆ ಎರಡು ಡಬಲ್ ಕೆಟ್ಟವು ಅಂತ ಕಂಪೈಲರ್‌ನಲ್ಲಿ ರಿಜಿಸ್ಟರ್ ಹಂಚುವ ಭಾಗಕ್ಕೆ ಗೊತ್ತಿರಬೇಕು. ಇನ್ನೊಂದು ಕಿತಾಪತಿ ಇದೆ. ಇನ್‌ಸ್ಟ್ರಕ್ಷನ್‌ನಲ್ಲಿ ರಿಜಿಸ್ಟರ್ ಸಂಖ್ಯೆಗೆ ಇರುವ ಜಾಗ 5 ಬಿಟ್, ಅಂದರೆ 31ರವರೆಗೆ ಮಾತ್ರ. ಆದರೆ ಡಬಲ್‌ಗಳ ಸಂಖ್ಯೆ 62ರವರೆಗೆ ಹೋಗುತ್ತದೆ. ಏನು ಮಾಡಿದರು? ಡಬಲ್, ಕ್ವಾಡ್ ಎರಡರ ಸಂಖ್ಯೆಯೂ ಯಾವಾಗಲೂ ಸಮ, ಕೊನೆಯ ಬಿಟ್ ಹೇಗೂ ಸೊನ್ನೆ. ಆ ಖಾಲಿ ಬಿಟ್‌ನಲ್ಲಿ 6ನೇ ಬಿಟ್ಟನ್ನು ತಂದು ಕೂರಿಸಿದರು. ಹಾಗಾಗಿ 32ನೇ ರಿಜಿಸ್ಟರ್‌ನಿಂದ ಶುರುವಾಗುವ ಕ್ವಾಡನ್ನು 1 ಅಂತ ಬರೆಯಬೇಕು. ಹಳೇ ಬಿಎಂಟಿಸಿ ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವರು ಸರಿದು ಕೂತಂತೆ. ಇನ್‌ಸ್ಟ್ರಕ್ಷನ್‌ಗಳನ್ನು ಬಿಟ್‌ಗಳಾಗಿಸುವ ಎನ್ಕೋಡರ್ ಬರೆಯುವಾಗ ಇದು ಮರೆತರೆ ಅರ್ಧ ರಿಜಿಸ್ಟರ್‌ಗಳು ಸರಿ, ಅರ್ಧ ತಪ್ಪು.

ಮೆಮೊರಿಯಿಂದ ತರೋದೂ ಹಾಗೇ. 16 ಬೈಟ್ ಒಟ್ಟಿಗೆ ತರುವ ಇನ್‌ಸ್ಟ್ರಕ್ಷನ್ ವಿ9 ಕೈಪಿಡಿಯಲ್ಲಿದೆ, ಅದನ್ನೂ ನಂಬುವಂತಿಲ್ಲ. ಬ್ಯಾಕೆಂಡ್ ಅದನ್ನು 8 ಬೈಟಿನ ಎರಡು ಲೋಡ್‌ಗಳಾಗಿ ಒಡೆಯುತ್ತದೆ. ಚಿಹ್ನೆ ಬದಲಿಸೋದು ಮಾತ್ರ ಸಲೀಸು: ಚಿಹ್ನೆಯ ಬಿಟ್ ಇರುವುದು ಮೇಲಿನ ಅರ್ಧದಲ್ಲಿ, ಅದನ್ನು ತಿರುಗಿಸಿ, ಕೆಳಗಿನ ಅರ್ಧವನ್ನು ಹಾಗೇ ಸಾಗಿಸಿದರೆ ಆಯಿತು.

ನನಗೆ ನಗು ಬರುವುದು ಇಲ್ಲಿ. ವಿ9ರ ನಿಯಮದ ಪ್ರಕಾರ ನೀವು ಬರೆದ ಫಂಕ್ಷನ್‌ಗೆ ಲಾಂಗ್ ಡಬಲ್ ಕೊಟ್ಟರೆ ಅದು ಫ್ಲೋಟಿಂಗ್ ರಿಜಿಸ್ಟರ್‌ನಲ್ಲೇ ಹೋಗುತ್ತದೆ. ಆದರೆ ಕೂಡಿಸುವ ಲೈಬ್ರರಿ ಫಂಕ್ಷನ್, ಕ್ಯೂಪಿ ಆಡ್ ಅಂತ ಅದರ ಹೆಸರು, ಕೇಳೋದು ಮೂರು ವಿಳಾಸ: ಉತ್ತರ ಎಲ್ಲಿಡಲಿ, ಮೊದಲನೆಯದು ಎಲ್ಲಿದೆ, ಎರಡನೆಯದು ಎಲ್ಲಿದೆ. ಅಂದರೆ ರಿಜಿಸ್ಟರ್‌ನಲ್ಲಿ ಆರಾಮಾಗಿ ಕೂತ ಎರಡು ಸಂಖ್ಯೆಗಳನ್ನು ಎಬ್ಬಿಸಿ, ಸ್ಟ್ಯಾಕ್‌ಗೆ, ಅಂದರೆ ಮೆಮೊರಿಗೆ, ಇಳಿಸಿ, ವಿಳಾಸ ಕೊಟ್ಟು, ಉತ್ತರವನ್ನು ಮತ್ತೆ ಸ್ಟ್ಯಾಕ್‌ನಿಂದ ಹತ್ತಿಸಿಕೊಳ್ಳಬೇಕು.

32 ಬಿಟ್ ಸ್ಪಾರ್ಕ್‌ನಲ್ಲಿ ಇನ್ನೂ ಮಜಾ. ಅಲ್ಲಿ ಸ್ಟ್ರಕ್ಟ್ (ಹಲವು ಮೌಲ್ಯಗಳ ಕಟ್ಟು) ವಾಪಸ್ ಕೊಡುವ ಫಂಕ್ಷನ್ ಕರೆದ ಮೇಲೆ, ಕಾಲ್ ಮತ್ತು ಅದರ ಡಿಲೇ ಸ್ಲಾಟ್ (ಕಾಲ್ ಜೊತೆಗೇ ಓಡುವ ಮುಂದಿನ ಇನ್‌ಸ್ಟ್ರಕ್ಷನ್) ಆದ ಕೂಡಲೇ, ಅನ್‌ಇಂಪ್ ಅನ್ನುವ ಒಂದು ಇನ್‌ಸ್ಟ್ರಕ್ಷನ್ ಇಟ್ಟು ಗಾತ್ರ ಬರೆಯಬೇಕು. ಅದನ್ನು ಓಡಿಸೋಕಲ್ಲ, ಸುಮ್ನೆ ಗುರುತಿಗೆ. ಕರೆಸಿಕೊಂಡ ಫಂಕ್ಷನ್ ಅದನ್ನು ದಾಟಿಕೊಂಡು ವಾಪಸ್ ಬರುತ್ತದೆ. ಕ್ವಾಡ್ ಲೈಬ್ರರಿಗಳಿಗೂ ಇದೇ ನಿಯಮ. ನಾನು ಮೊದಲ ಸಲ ಇದನ್ನು ಕೈಯಾರೆ ಬರೆದಾಗ ಆ ಅನ್‌ಇಂಪ್ ಮರೆತೆ. ಏನಾಯಿತು ಗೊತ್ತಾ? ಫಂಕ್ಷನ್ ಪಾಪ ನಿಯಮದಂತೆ ಒಂದು ಇನ್‌ಸ್ಟ್ರಕ್ಷನ್ ದಾಟಿ ಬಂತು, ಆದರೆ ಅಲ್ಲಿ ಇದ್ದದ್ದು ಉತ್ತರದ ಮೇಲಿನ ಅರ್ಧ ತರುವ ಲೋಡ್. ಕೆಳಗಿನ ಅರ್ಧ ಹೊಸದು, ಮೇಲಿನ ಅರ್ಧ ಹಳೆಯದು. ಕ್ರ್ಯಾಶ್ ಆಗಿದ್ದರೆ ಬೇಗ ಸಿಗುತ್ತಿತ್ತು. ಅದು ನಗುನಗುತ್ತಾ ತಪ್ಪು ಉತ್ತರ ಕೊಡುತ್ತಿತ್ತು, ಎರಡು ದಿನ ಸಂಕಲನದ ಕೋಡ್ ಹುಡುಕುತ್ತಾ ಕೂತಿದ್ದೆ.

ಹೋಲಿಸುವುದೂ ಲೈಬ್ರರಿ ಕೆಲಸವೇ. ಅದು ಸಮ ಆದರೆ 0, ಚಿಕ್ಕದಾದರೆ 1, ದೊಡ್ಡದಾದರೆ 2, ಎರಡರಲ್ಲಿ ಒಂದು ಸಂಖ್ಯೆಯೇ ಅಲ್ಲದಿದ್ದರೆ 3 ಕೊಡುತ್ತದೆ. ಆ 3 ಮರೆಯಬೇಡಿ, ‘ಚಿಕ್ಕದಲ್ಲ’ ಅಂದಮಾತ್ರಕ್ಕೆ ‘ದೊಡ್ಡದು ಅಥವಾ ಸಮ’ ಅಂತಲ್ಲ.

ಸ್ಥಿರಸಂಖ್ಯೆಗಳ ಬಗ್ಗೆ ಒಂದು ಮಾತು. ನೀವು ಕೋಡಿನಲ್ಲಿ ಲಾಂಗ್ ಡಬಲ್ ಆಗಿ 0.1L ಅಂತ ಬರೆದರೆ ಅದರ 113 ಬಿಟ್ ರೂಪವನ್ನು (ಬರೆದಿಡುವ 112, ಜೊತೆಗೆ ಬರೆಯದೇ ಇರುವ ಮೊದಲ 1) ಕಂಪೈಲರ್ ಲೆಕ್ಕ ಹಾಕಬೇಕು. ಕಂಪೈಲರ್ ಓಡುತ್ತಿರುವುದು ನಿಮ್ಮ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ, ಅದರ ಲಾಂಗ್ ಡಬಲ್‌ಗೆ 64 ಬಿಟ್ ನಿಖರತೆ ಅಷ್ಟೇ. ಹಾಗಾಗಿ ಎಲ್‌ಎಲ್‌ವಿಎಂ ಒಳಗೇ ಎಪಿಫ್ಲೋಟ್ ಅಂತ ಒಂದು ಸಾಫ್ಟ್‌ವೇರ್ ಲೆಕ್ಕಯಂತ್ರ ಇಟ್ಟುಕೊಂಡಿದೆ. ಯಾವ ಯಂತ್ರದಲ್ಲಿ ಕಂಪೈಲ್ ಮಾಡಿದರೂ ಅದೇ ಬಿಟ್.

ಹಾರ್ಡ್‌ವೇರ್ ಇರುವ ಚಿಪ್‌ಗಳೇ ಇಲ್ವಾ ಅಂತ ಕೇಳಬೇಡಿ, ಇವೆ. ಐಬಿಎಂನ ಮೇನ್‌ಫ್ರೇಮ್‌ಗಳಲ್ಲಿದೆ, 2017ರ ಪವರ್9ರಲ್ಲಿ ಬಂತು. ಆದರೆ ಪವರ್‌ಗೆ ಬೇರೆ ತಲೆನೋವು: ಅಲ್ಲಿ ಹಿಂದಿನಿಂದ ಲಾಂಗ್ ಡಬಲ್ ಅಂದರೆ ಎರಡು ಡಬಲ್‌ಗಳ ಜೋಡಿ, 106 ಬಿಟ್. ಹಳೇ ಬೈನರಿ (ಕಂಪೈಲ್ ಆದ ಪ್ರೋಗ್ರಾಮ್), ಹೊಸ ಬೈನರಿ ಎರಡರಲ್ಲೂ ಲಾಂಗ್ ಡಬಲ್ 16 ಬೈಟೇ, ಅರ್ಥ ಬೇರೆ ಬೇರೆ. ಅದಕ್ಕೇ ಲೈಬ್ರರಿ ಫಂಕ್ಷನ್‌ಗಳಿಗೆ ಬೇರೆ ಹೆಸರಿಡಬೇಕಾಯಿತು. ನಿಮ್ಮ ಫೋನಿನ ಆರ್ಮ್ ಚಿಪ್‌ಗೂ ಕ್ವಾಡ್ ಕೂಡಿಸೋಕೆ ಬರುವುದಿಲ್ಲ, ಅಲ್ಲೂ ಲೈಬ್ರರಿಯೇ.

ಸರಿ, ಈಗ ಲ್ಯಾಪ್‌ಟಾಪ್ ತೆಗೆಯಿರಿ. ಎರಡು ಲಾಂಗ್ ಡಬಲ್ ಕೂಡಿಸಿ ವಾಪಸ್ ಕೊಡುವ ಫಂಕ್ಷನ್ ಬರೆಯಿರಿ. ಕ್ಲ್ಯಾಂಗ್‌ಗೆ ಟಾರ್ಗೆಟ್ ಸ್ಪಾರ್ಕ್ ವಿ9 ಅಂತ ಹೇಳಿ ಅಸೆಂಬ್ಲಿ ತೆಗೆಸಿ, ಒಮ್ಮೆ ಹಾಗೇ, ಒಮ್ಮೆ ಹಾರ್ಡ್ ಕ್ವಾಡ್ ಹಾಕಿ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ಸ್ಟ್ಯಾಕ್‌ಗೆ ಎಷ್ಟು ಸಲ ಇಳಿದು ಹತ್ತಿತು ಅಂತ ಎಣಿಸಿ. ಎಣಿಸಿದವರು ಕೈ ಎತ್ತಿ, ಪ್ರಶ್ನೆಗಳನ್ನು ಅಲ್ಲಿಂದಲೇ ಶುರು ಮಾಡೋಣ.