ಸಿಂಗನ ಹಲ್ಲು, ಸಿಂಗನ ಶುಗರ್: ಆಪರೇಷನ್ನಿಗೆ ಮುಂಚೆ ಮತ್ತು ಆಮೇಲೆ

ಈಗ ನೀವು ನೋಡುತ್ತಿರುವುದು ಡಯಾಬಿಟಿಸ್ ಇರುವ ನಮ್ಮ ಬೆಕ್ಕು ಸಿಂಗನ ಎಡಗಿವಿ. ಬೆಳಕಿಗೆ ಹಿಡಿದರೆ ಅಂಚಿನ ಉದ್ದಕ್ಕೂ ತೆಳ್ಳಗೆ ಒಂದು ಗೆರೆ ಕಾಣುತ್ತದೆ. ಅದು ರಕ್ತನಾಳ. ಆ ಗೆರೆಗೂ ಕಿವಿಯ ಅಂಚಿಗೂ ನಡುವೆ ಚೂರೇ ಚೂರು ಜಾಗ ಇದೆ, ಅಲ್ವಾ? ಶುಗರ್ ನೋಡಲು ನಾನು ಚುಚ್ಚುವುದು ಅಲ್ಲಿ. ಮೊದಲು ಬೆಚ್ಚಗಿನ ಬಟ್ಟೆಯಿಂದ ಕಿವಿಯನ್ನು ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತೇನೆ. ಹಿಂದೆ ಮಡಚಿದ ಹತ್ತಿ ಇಡುತ್ತೇನೆ, ಸೂಜಿ ನನ್ನ ಬೆರಳಿಗೆ ತಾಗದಿರಲಿ ಅಂತ. ಒಂದು ಚುಚ್ಚು, ಸಾಸಿವೆಕಾಳಿನಷ್ಟು ರಕ್ತ, ಅಷ್ಟೇ ಸಾಕು. ಆಮೇಲೆ ಅದೇ ಹತ್ತಿಯಿಂದ ಒತ್ತಿ ಹಿಡಿಯಬೇಕು. ಕೂಡಲೇ ಬಿಟ್ಟರೆ ಕಿವಿ ಕಪ್ಪಾಗುತ್ತದೆ.

ಕಿವಿಯಿಂದಲೇ ಯಾಕೆ ಶುರು ಮಾಡಿದೆ ಅಂದರೆ, ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಸಿಂಗನ ಹಲ್ಲಿನ ಆಪರೇಷನ್ ಬಗ್ಗೆ. ಅದರಲ್ಲಿ ನಮ್ಮ ಕೈ ಹಿಡಿದದ್ದು ಮನೆಯಲ್ಲೇ ಶುಗರ್ ನೋಡುವ ಅಭ್ಯಾಸ.

ಸಿಂಗನಿಗೆ ಈಗ 11 ವರ್ಷ. ಸಂತಾನಹರಣ ಮಾಡಿಸಿದ ಗಂಡು ಬೆಕ್ಕು, ಮೊದಲಿನಿಂದ ಸ್ವಲ್ಪ ದಪ್ಪ. ಬೆಕ್ಕುಗಳಲ್ಲಿ ಡಯಾಬಿಟಿಸ್ ಜಾಸ್ತಿ ಬರುವುದು ಇಂಥವಕ್ಕೇ. ನೀರು ಕುಡಿಯುವುದು ಹೆಚ್ಚಾಯಿತು, ಮೂತ್ರ ಹೆಚ್ಚಾಯಿತು, ಹೊಟ್ಟೆ ತುಂಬ ತಿಂದರೂ ಬೆನ್ನೆಲುಬು ಕೈಗೆ ಸಿಗತೊಡಗಿತು. ಈ ಹಳೆಯ ಕ್ಲಿಪ್ ನೋಡಿ. ಅವನ ಹಿಂಗಾಲು ಗಮನಿಸಿ. ಬೆಕ್ಕು ಬೆರಳುಗಳ ಮೇಲೆ ನಡೆಯಬೇಕು. ಇವನು ಹಿಮ್ಮಡಿಯನ್ನೇ ನೆಲಕ್ಕೆ ಊರಿ ನಡೆಯುತ್ತಿದ್ದಾನೆ. ಶುಗರ್ ತುಂಬ ದಿನ ಜಾಸ್ತಿ ಇದ್ದರೆ ಕಾಲಿನ ನರಗಳು ಹೀಗೆ ಸೋಲುತ್ತವೆ. ನಿಮ್ಮ ಬೆಕ್ಕು ಹೀಗೆ ನಡೆಯುತ್ತಿದ್ದರೆ ವಯಸ್ಸಾಯಿತು ಅಂತ ಸುಮ್ಮನಿರಬೇಡಿ. ಶುಗರ್ ಹತೋಟಿಗೆ ಬಂದರೆ ಎಷ್ಟೋ ಬೆಕ್ಕುಗಳು ಮತ್ತೆ ಸರಿಯಾಗಿ ನಡೆಯುತ್ತವೆ. ಸಿಂಗನೂ ನಿಧಾನಕ್ಕೆ ಸರಿಯಾದ.

ದಿನಕ್ಕೆ 2 ಸಲ, 12 ಗಂಟೆಗೊಮ್ಮೆ ಇನ್ಸುಲಿನ್. ಊಟ ಬದಲಾಯಿತು. ಕಾಳಿನಂತಿರುವ ಒಣ ಕ್ಯಾಟ್ ಫುಡ್ ಬದಲು ಪ್ರೋಟೀನ್ ಜಾಸ್ತಿ, ಕಾರ್ಬೋಹೈಡ್ರೇಟ್ ಕಡಿಮೆ ಇರುವ ಹಸಿ ಆಹಾರ, ಅಂದರೆ ನೀರಿನಂಶ ಇರುವ ವೆಟ್ ಫುಡ್. ಶುಗರ್ ಇಳಿಯಿತು. ಆದರೆ ಒಂದು ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಡೋಸ್ 3 ಯುನಿಟ್‌ಗೆ ಏರಿದರೂ ಕದಲಲಿಲ್ಲ. ಆಗ ಡಾಕ್ಟರ್ ಅವನ ತುಟಿ ಎತ್ತಿ ಒಸಡು ತೋರಿಸಿದರು. ಕೆಂಪಗೆ ಊದಿಕೊಂಡಿತ್ತು. 2 ಹಲ್ಲುಗಳು ಬುಡದಲ್ಲೇ ಕರಗುತ್ತಿದ್ದವು.

ಬಾಯಿಯ ಸೋಂಕಿಗೂ ಶುಗರ್‌ಗೂ ಏನು ಸಂಬಂಧ ಅಂತ ನಿಮಗೆ ಅನಿಸಬಹುದು. ಸಂಬಂಧ ಇದೆ. ದೇಹದಲ್ಲಿ ಎಲ್ಲೇ ಉರಿಯೂತ ಇರಲಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಶುಗರ್ ಏರುತ್ತದೆ. ಏರಿದ ಶುಗರ್ ಸೋಂಕನ್ನು ಮತ್ತಷ್ಟು ಬೆಳೆಸುತ್ತದೆ. ಎರಡೂ ಒಂದನ್ನೊಂದು ಎತ್ತಿ ಹಿಡಿಯುತ್ತವೆ. ಸಕ್ಕರೆ ಕಾಯಿಲೆ ಇರುವ ಬೆಕ್ಕಿಗೆ ಅರಿವಳಿಕೆ ಕೊಡಿಸಲೇಬಾರದು ಅಂತ ಎಷ್ಟೋ ಜನ ನನಗೆ ಹೇಳಿದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಆ ಮಾತನ್ನು ನಾನು ಒಪ್ಪುವುದಿಲ್ಲ. ಕೊಳೆತ ಹಲ್ಲನ್ನು ಬಾಯಲ್ಲೇ ಬಿಟ್ಟು ಇನ್ಸುಲಿನ್ ಏರಿಸುತ್ತಾ ಹೋಗುವುದು ಬೆಕ್ಕಿಗೆ ದಿನಾ ನೋವು ಕೊಟ್ಟ ಹಾಗೆ. ಶುಗರ್ ಪೂರ್ತಿ ಸರಿಯಾಗಲಿ ಅಂತ ಕಾಯುತ್ತಾ ಕೂತರೆ ಆ ದಿನ ಬಾರದೇ ಹೋಗಬಹುದು. ಕೀಟೋನ್, ಅಂದರೆ ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸಿದಾಗ ರಕ್ತಕ್ಕೆ ಸೇರುವ, ಹೆಚ್ಚಾದರೆ ವಿಷವಾಗುವ ವಸ್ತು, ಬಂದಿದ್ದರೆ ಮಾತ್ರ ಬೇರೆ ಮಾತು. ಆಗ ಮೊದಲು ಅದಕ್ಕೆ ಚಿಕಿತ್ಸೆ, ಆಮೇಲೆ ಉಳಿದದ್ದು.

ಆಪರೇಷನ್ನಿಗೆ ಮುಂಚೆ ಟೆಸ್ಟ್‌ಗಳು. ರಕ್ತ, ಮೂತ್ರ, ಕಿಡ್ನಿ, ಪೊಟ್ಯಾಶಿಯಂ, ಥೈರಾಯ್ಡ್, ರಕ್ತದೊತ್ತಡ, ಹೃದಯ. ಮೂತ್ರವನ್ನು ಕಲ್ಚರ್‌ಗೂ, ಅಂದರೆ ಅದರಲ್ಲಿ ಬ್ಯಾಕ್ಟೀರಿಯಾ ಇದೆಯಾ ಅಂತ ಬೆಳೆಸಿ ನೋಡುವ ಟೆಸ್ಟ್‌ಗೂ ಕಳಿಸಿದರು, ಯಾಕೆಂದರೆ ಸಕ್ಕರೆ ಇರುವ ಮೂತ್ರದಲ್ಲಿ ಸೋಂಕು ಸದ್ದಿಲ್ಲದೆ ಬೆಳೆಯುತ್ತದೆ. ಜೊತೆಗೆ ಫ್ರಕ್ಟೋಸಮೈನ್ ಅನ್ನುವ ಟೆಸ್ಟ್. ಹಿಂದಿನ 1-2 ವಾರ ಶುಗರ್ ಸರಾಸರಿ ಹೇಗಿತ್ತು ಅಂತ ಅದು ಹೇಳುತ್ತದೆ. ಇದು ಬೆಕ್ಕುಗಳಿಗೆ ತುಂಬ ಬೇಕಾದ ಟೆಸ್ಟ್. ಬೆಕ್ಕು ಹೆದರಿದರೆ ಸಾಕು, ಶುಗರ್ ಒಂದೇ ಸಲ ಏರಿಬಿಡುತ್ತದೆ. ಆಸ್ಪತ್ರೆಯ ಮೇಜಿನ ಮೇಲೆ 300 ದಾಟಿದ ಬೆಕ್ಕು ಮನೆಯ ಸೋಫಾ ಮೇಲೆ 180 ಇರಬಹುದು. ಅದಕ್ಕೇ ಹೇಳುವುದು, ಮನೆಯಲ್ಲಿ ನೋಡಿದ ಅಂಕಿಗಳನ್ನು ಬರೆದಿಟ್ಟುಕೊಂಡು ಡಾಕ್ಟರ್‌ಗೆ ತೋರಿಸಿ. ಆಸ್ಪತ್ರೆಯ ಒಂದೇ ಅಂಕಿ ನೋಡಿ ಡೋಸ್ ಏರಿಸಿದರೆ ಅಪಾಯ.

ಇದು ನನ್ನ ನೋಟ್‌ಬುಕ್. ಸೂಜಿಗೆ ಮುಂಚಿನ ಶುಗರ್, ಕೊಟ್ಟ ಡೋಸ್, ಎಷ್ಟು ತಿಂದ, ತೂಕ. ಈ ಕೊನೆಯ ಸಾಲಿನಲ್ಲಿ ಅವನು ಮೂತ್ರ ಮಾಡುವ ಲಿಟರ್ ಬಾಕ್ಸ್‌ನ ಮರಳಿನ ಗಡ್ಡೆಗಳ ಲೆಕ್ಕ. ನಗಬೇಡಿ. ಗಡ್ಡೆ ದೊಡ್ಡದಾಯಿತು ಅಂದರೆ ಮೂತ್ರ ಜಾಸ್ತಿ, ಮೂತ್ರ ಜಾಸ್ತಿ ಅಂದರೆ ಶುಗರ್ ಜಾಸ್ತಿ. ಇನ್ನೊಂದು ವಿಷಯ, ಮನುಷ್ಯರ ಗ್ಲೂಕೋಮೀಟರ್‌ನಲ್ಲಿ ನೋಡಿದರೆ ಬೆಕ್ಕಿನ ಶುಗರ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಪ್ರಾಣಿಗಳಿಗೆಂದೇ ಮಾಡಿದ ಮೀಟರ್ ಬೇರೆ ಸಿಗುತ್ತದೆ. ಯಾವುದನ್ನು ಬಳಸುತ್ತೀರಿ ಅನ್ನುವುದು ಡಾಕ್ಟರ್‌ಗೆ ಗೊತ್ತಿರಲಿ. ನಡುವೆ ಮೀಟರ್ ಬದಲಾಯಿಸಬೇಡಿ.

ಸಿರಿಂಜ್ ವಿಷಯ ಬಂತು ಅಂದರೆ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ. ಇನ್ಸುಲಿನ್‌ನಲ್ಲಿ ಯು-40 ಅಂತ ಒಂದು, ಯು-100 ಅಂತ ಇನ್ನೊಂದು; ಒಂದು ಎಂಎಲ್‌ನಲ್ಲಿ ಎಷ್ಟು ಯುನಿಟ್ ಅನ್ನುವುದು ಆ ಅಂಕಿ. ಎರಡಕ್ಕೂ ಸಿರಿಂಜ್ ಬೇರೆ. ಯು-100 ಇನ್ಸುಲಿನ್ನನ್ನು ಯು-40 ಸಿರಿಂಜ್‌ನಲ್ಲಿ ಎಳೆದರೆ ಬೆಕ್ಕಿಗೆ ಹೋಗುವುದು ಎರಡೂವರೆ ಪಟ್ಟು ಡೋಸ್. ಪುಟ್ಟ ಬೆಕ್ಕಿಗೆ ಅದು ಪ್ರಾಣಕ್ಕೇ ಬರಬಹುದು. ಆಪರೇಷನ್ ಸಮಯದಲ್ಲಿ ಮನೆಯಲ್ಲಿ ಯಾರು ಯಾರೋ ಸಹಾಯಕ್ಕೆ ಬರುತ್ತಾರೆ. ಆದ್ದರಿಂದ ತಪ್ಪಾದ ಸಿರಿಂಜ್ ಮನೆಯಲ್ಲಿ ಇರಲೇಬಾರದು.

ಸೂಜಿಯ ಬದಲು ಬಾಯಿಗೆ ಕೊಡುವ ಔಷಧಿಗಳೂ ಈಗ ಬಂದಿವೆ. ಬೆಕ್ಸಾಗ್ಲಿಫ್ಲೋಜಿನ್, ವೆಲಾಗ್ಲಿಫ್ಲೋಜಿನ್. ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಎಫ್‌ಡಿಎ ಮೊದಲನೆಯದಕ್ಕೆ 2022ರ ಕೊನೆಯಲ್ಲಿ, ಎರಡನೆಯದಕ್ಕೆ 2023ರಲ್ಲಿ ಒಪ್ಪಿಗೆ ಕೊಟ್ಟಿತು. ನಿಮ್ಮ ಬೆಕ್ಕು ಇವುಗಳ ಮೇಲೆ ಇದ್ದರೆ ಆಪರೇಷನ್ ದಿನ ಗೊತ್ತುಮಾಡುವಾಗಲೇ ಹೇಳಿ. ಇವುಗಳಲ್ಲಿ ಶುಗರ್ ಸರಿಯಾಗಿ ಕಾಣುತ್ತಲೇ ಒಳಗೆ ಕೀಟೋನ್ ಏರುವ ಅಪಾಯ ಇದೆ, ಬೆಕ್ಕು ಊಟ ಬಿಟ್ಟಾಗ ಇನ್ನೂ ಜಾಸ್ತಿ. ಆಪರೇಷನ್ನಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಡಾಕ್ಟರೇ ಹೇಳಬೇಕು.

ಈಗ ಆಪರೇಷನ್ ದಿನ. ಬೇರೆ ಬೆಕ್ಕುಗಳನ್ನು ರಾತ್ರಿಯಿಂದಲೇ ಉಪವಾಸ ಇಡುವುದುಂಟು. ಡಯಾಬಿಟಿಸ್ ಇರುವ ಬೆಕ್ಕಿಗೆ ಅಷ್ಟು ಹೊತ್ತು ಒಳ್ಳೆಯದಲ್ಲ. ನಮ್ಮ ಡಾಕ್ಟರ್ ಹೇಳಿದ್ದು ಹೀಗೆ: ಬೆಳಗ್ಗೆ ಬೇಗ ಸ್ವಲ್ಪ ಹಸಿ ಆಹಾರ, ನೀರು ಎಷ್ಟು ಬೇಕಾದರೂ, ಇನ್ಸುಲಿನ್ ಅರ್ಧ ಡೋಸ್, ಮತ್ತು ದಿನದ ಮೊದಲ ಆಪರೇಷನ್ ಸಿಂಗನದೇ. ನಿಮಗೆ ಬೇರೆ ರೀತಿ ಹೇಳಬಹುದು. ಬಾಯಿಮಾತಿನಲ್ಲಿ ಕೇಳಿಕೊಂಡು ಬರಬೇಡಿ, ಬರೆಸಿಕೊಳ್ಳಿ. ಆತಂಕದಲ್ಲಿ ಅರ್ಧ ಅಂದರೋ ಪೂರ್ತಿ ಅಂದರೋ ನೆನಪಾಗುವುದಿಲ್ಲ.

ಕ್ಯಾರಿಯರ್ ಎಷ್ಟೋ ದಿನದಿಂದ ಹಾಲ್‌ನಲ್ಲೇ ಬಾಗಿಲು ತೆರೆದು ಬಿದ್ದಿತ್ತು. ಅದರೊಳಗೆ ಅವನ ಹಳೆಯ ಹೊದಿಕೆ. ಹಾಗಾಗಿ ಅವತ್ತು ಹಿಡಿದು ತುರುಕುವ ಪ್ರಸಂಗ ಬರಲಿಲ್ಲ, ತಾನೇ ಹೋಗಿ ಮಲಗಿದ. ಗಾಬರಿ ಕಡಿಮೆಯಾಗಲಿ ಅಂತ ಡಾಕ್ಟರ್ ಗ್ಯಾಬಪೆಂಟಿನ್ ಕೂಡ ಕೊಟ್ಟಿದ್ದರು.

ಒಳಗೆ ಕ್ಯಾಮೆರಾ ಒಯ್ಯಲಿಲ್ಲ. ಆದರೆ ಒಳಗೆ ಏನು ನಡೆಯುತ್ತದೆ ಅಂತ ಕೇಳಿ ತಿಳಿದುಕೊಂಡಿದ್ದೆ. ಅರಿವಳಿಕೆ ಕೊಟ್ಟಾಗ ಎಲ್ಲಕ್ಕಿಂತ ದೊಡ್ಡ ಭಯ ಶುಗರ್ ಇಳಿಯುವುದು. ಎಚ್ಚರ ಇರುವ ಬೆಕ್ಕು ಶುಗರ್ ಇಳಿದರೆ ತೂರಾಡುತ್ತದೆ, ಕೂಗುತ್ತದೆ, ನಮಗೆ ಗೊತ್ತಾಗುತ್ತದೆ. ಮಲಗಿಸಿದ ಬೆಕ್ಕು ಏನನ್ನೂ ಹೇಳಲಾರದು. ಆದ್ದರಿಂದ ಅರ್ಧ ಗಂಟೆಗೋ ಒಂದು ಗಂಟೆಗೋ ಒಮ್ಮೆ ಶುಗರ್ ನೋಡುತ್ತಲೇ ಇರಬೇಕು. ಇಳಿಯುತ್ತಿದ್ದರೆ ಡ್ರಿಪ್‌ಗೆ ಡೆಕ್ಸ್ಟ್ರೋಸ್ ಸೇರಿಸುತ್ತಾರೆ. ಶುಗರ್ 150ರಿಂದ 250ರ ನಡುವೆ ಇದ್ದರೆ ಒಳ್ಳೆಯದು, ಆ ಹೊತ್ತಿನಲ್ಲಿ 100ಕ್ಕೆ ಇಳಿಸುವ ಆಸೆ ಯಾರಿಗೂ ಬೇಡ. ನಿಮ್ಮ ಡಾಕ್ಟರ್ ಹತ್ತಿರ ಇದನ್ನು ಮುಂಚೆಯೇ ಕೇಳಿ. ಶುಗರ್ ಎಷ್ಟು ಹೊತ್ತಿಗೊಮ್ಮೆ ನೋಡುತ್ತೀರಿ, ಮೈ ತಣ್ಣಗಾಗದಂತೆ ಏನು ಮಾಡುತ್ತೀರಿ ಅಂತ. ಈ ಪ್ರಶ್ನೆಗೆ ಒಳ್ಳೆಯ ಡಾಕ್ಟರ್ ಬೇಸರ ಮಾಡಿಕೊಳ್ಳುವುದಿಲ್ಲ.

ಸಂಜೆ ಮನೆಗೆ ಬಂದ. ಈ ಶಾಟ್ ನೋಡಿ. ಮುಂಗಾಲಿನಲ್ಲಿ ಕೂದಲು ಬೋಳಿಸಿದ ಜಾಗ, ಡ್ರಿಪ್ ಹಾಕಿದ್ದು ಅಲ್ಲಿ. ಕಣ್ಣಿನ ಪಾಪೆ ದೊಡ್ಡದಾಗಿದೆ, ಹೊದಿಕೆಯನ್ನು ಮುಂಗಾಲಿನಿಂದ ಒತ್ತುತ್ತಾ ಗುರ್ ಗುರ್ ಅನ್ನುತ್ತಿದ್ದಾನೆ. ಅದು ನೋವಿನ ಔಷಧಿ ಬ್ಯುಪ್ರೆನಾರ್ಫಿನ್‌ನ ಪರಿಣಾಮ. ಗಾಬರಿ ಬೇಡ. ಅವನನ್ನು ನೆಲದ ಮೇಲೆ ಮೆತ್ತಗೆ ಹಾಸಿ ಮಲಗಿಸಿದೆವು, ಎತ್ತರ ಹತ್ತದ ಹಾಗೆ ಕೋಣೆಯ ಬಾಗಿಲು ಹಾಕಿದೆವು.

ನೋವು ಇದೆಯಾ ಇಲ್ಲವಾ ಅಂತ ಬೆಕ್ಕಿನ ಮುಖದಲ್ಲಿ ಓದುವುದು ಕಷ್ಟ. ಅದಕ್ಕೆ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಫೀಲೈನ್ ಗ್ರಿಮೇಸ್ ಸ್ಕೇಲ್ ಅಂತ ಒಂದು ಅಳತೆ ಕೊಟ್ಟರು. ಕಿವಿ, ಕಣ್ಣು, ಮೂತಿ, ಮೀಸೆ, ತಲೆ, ಈ 5 ನೋಡಬೇಕು. ಇಲ್ಲಿ ನಿಲ್ಲಿಸಿ ನೋಡೋಣ. ಮರುದಿನ ಮಧ್ಯಾಹ್ನದ ಸಿಂಗ. ಕಿವಿಗಳು ಒಂದಕ್ಕೊಂದು ದೂರ ಸರಿದು ಹೊರಕ್ಕೆ ತಿರುಗಿವೆ. ಕಣ್ಣು ಕಿರಿದಾಗಿದೆ. ಮೀಸೆ ಸಡಿಲವಾಗಿ ಬಾಗಿಲ್ಲ, ನೆಟ್ಟಗೆ ಮುಂದಕ್ಕೆ ಚಾಚಿದೆ. ತಲೆ ಭುಜಕ್ಕಿಂತ ಕೆಳಗೆ. ಪಕ್ಕದಲ್ಲಿ ಅವನ ಮಾಮೂಲಿ ಮುಖ ಇಟ್ಟಿದ್ದೇನೆ, ಹೋಲಿಸಿ. ಡಾಕ್ಟರ್‌ಗೆ ಇದೇ ಫೋಟೋ ಕಳಿಸಿದೆ. ನೋವಿನ ಔಷಧಿಯನ್ನು ಇನ್ನೂ ಬೇಗ ಕೊಡಲು ಹೇಳಿದರು, ಸಂಜೆಗೆ ಮುಖ ಬಿಚ್ಚಿಕೊಂಡಿತು. ನಮ್ಮ ಮಾತ್ರೆ ಡಬ್ಬಿಯಿಂದ ಏನನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. ಸ್ಟೀರಾಯ್ಡ್ ಕೂಡ ಯಾರಾದರೂ ಬರೆದುಕೊಟ್ಟರೆ, ಇವನಿಗೆ ಡಯಾಬಿಟಿಸ್ ಇದೆ ಅಂತ ಇನ್ನೊಮ್ಮೆ ಹೇಳಿ, ಅದು ಶುಗರ್ ಏರಿಸುತ್ತದೆ.

ಊಟ. ಇದು ತುಂಬ ಮುಖ್ಯ. ಬೆಕ್ಕು ಒಂದು ದಿನಕ್ಕಿಂತ ಹೆಚ್ಚು ತಿನ್ನದೆ ಕೂತರೆ ಲಿವರ್‌ಗೆ ಕೊಬ್ಬು ತುಂಬಿಕೊಳ್ಳುವ ಭಯ ಶುರು. ಡಯಾಬಿಟಿಸ್ ಇದ್ದರೆ ಕೀಟೋನ್ ಭಯವೂ ಸೇರುತ್ತದೆ. ಹಸಿ ಆಹಾರವನ್ನು ಮೈ ಬಿಸಿಯಷ್ಟು ಬೆಚ್ಚಗೆ ಮಾಡಿ, ವಾಸನೆ ಬರುವ ಹಾಗೆ, ಚಪ್ಪಟೆ ತಟ್ಟೆಯಲ್ಲಿ ಚೂರು ಚೂರೇ ಇಟ್ಟೆ. ಮೊದಲ ಸಲ ನೆಕ್ಕಿ ಬಿಟ್ಟ. ಬೆರಳ ತುದಿಗೆ ಹಚ್ಚಿ ಕೊಟ್ಟಾಗ ತಿಂದ. ಎರಡನೆಯ ದಿನವೂ ಮುಟ್ಟದಿದ್ದರೆ ನೋಡೋಣ ಅಂತ ಕಾಯಬೇಡಿ. ವಾಂತಿ ಬರುವ ಹಾಗಾಗುವುದಕ್ಕೆ, ಹಸಿವಿಗೆ ಔಷಧಿಗಳಿವೆ. ಕೇಳಿ ತೆಗೆದುಕೊಳ್ಳಿ.

ತಿನ್ನದ ಬೆಕ್ಕಿಗೆ ಪೂರ್ತಿ ಇನ್ಸುಲಿನ್ ಕೊಟ್ಟರೆ ಶುಗರ್ ಕುಸಿಯುತ್ತದೆ. ಹಾಗಂತ ನಾವೇ ಇನ್ಸುಲಿನ್ ನಿಲ್ಲಿಸಿ ಸುಮ್ನೆ ಕೂತರೆ ಕೀಟೋನ್ ಬರಬಹುದು. ಎರಡೂ ಕಡೆ ಅಪಾಯ ಇರುವಾಗ ಊಹೆಯ ಮೇಲೆ ನಡೆಯಬಾರದು. ಮೊದಲು ಶುಗರ್ ನೋಡು, ಎಷ್ಟು ತಿಂದ ನೋಡು, ಫೋನ್ ಮಾಡು, ಆಮೇಲೆ ಸೂಜಿ. ಆ ದಿನಗಳಲ್ಲಿ ನಮ್ಮ ಮನೆಯ ಕಾನೂನು ಅದೇ.

ಆ ಕಾನೂನು ಇದ್ದದ್ದರಿಂದಲೇ ಆ ರಾತ್ರಿ ಬಚಾವಾದೆವು. ಸಿಂಗ ಆಗಲೇ ಚೆನ್ನಾಗಿ ತಿನ್ನುತ್ತಿದ್ದ, ಮೈ ನೆಕ್ಕಿಕೊಳ್ಳುತ್ತಿದ್ದ, ಕಿಟಕಿ ಹತ್ತುತ್ತಿದ್ದ. ಎಲ್ಲಾ ಸರಿಹೋಯಿತು ಅನಿಸುವ ಹೊತ್ತು. ರಾತ್ರಿಯ ಸೂಜಿಗೆ ಮುಂಚೆ ಎಂದಿನ ಹಾಗೆ ಕಿವಿ ಚುಚ್ಚಿದೆ. ಮೀಟರ್‌ನಲ್ಲಿ 104. ಆಪರೇಷನ್ನಿಗೆ ಮುಂಚೆ ಅದೇ ಹೊತ್ತಿಗೆ 280, 300 ಇರುತ್ತಿತ್ತು. ಮತ್ತೊಮ್ಮೆ ನೋಡಿದೆ, 101. ಸಿರಿಂಜ್ ಕೆಳಗಿಟ್ಟು ಫೋನ್ ಮಾಡಿದೆ. ಈ ಹೊತ್ತಿನ ಡೋಸ್ ಬೇಡ, ಊಟ ಕೊಡಿ, ಮತ್ತೆ ಮತ್ತೆ ನೋಡಿ ಹೇಳಿ ಅಂದರು.

ಬಾಯಿಯ ಸೋಂಕು ಹೋಗಿತ್ತು. ಇನ್ಸುಲಿನ್‌ಗೆ ಅಡ್ಡ ನಿಂತಿದ್ದದ್ದು ತೊಲಗಿತ್ತು. ಅದೇ 3 ಯುನಿಟ್ ಈಗ ಅವನಿಗೆ ಬಹಳ ಜಾಸ್ತಿ. ಆಪರೇಷನ್ ಆದ ಮೇಲೆ ಎಲ್ಲರೂ ಕಾಯುವುದು ಶುಗರ್ ಏರುತ್ತದೇನೋ ಅಂತ. ಬೆಕ್ಕು ಗೆಲುವಾಗಿ ಓಡಾಡುತ್ತಿರುವ ದಿನಗಳಲ್ಲೇ ಅದು ಇಳಿಯಬಹುದು ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಈ ವಿಡಿಯೋ ಮಾಡಿದ್ದೇ ಅದಕ್ಕಾಗಿ.

ಶುಗರ್ ಕುಸಿದ ಬೆಕ್ಕು ತೂರಾಡುತ್ತದೆ, ಮಂಕಾಗುತ್ತದೆ, ಮೈ ನಡುಗುತ್ತದೆ, ಫಿಟ್ಸ್ ಬರಬಹುದು. 60ಕ್ಕಿಂತ ಕೆಳಗೆ ಹೋದರೆ ಕಾಯುವ ಹಾಗಿಲ್ಲ. ನುಂಗುವ ಶಕ್ತಿ ಇದ್ದರೆ ಊಟ ಕೊಡಿ. ಇಲ್ಲದಿದ್ದರೆ ಸಕ್ಕರೆ ಪಾಕವನ್ನೋ ಜೇನನ್ನೋ ಬೆರಳಿಗೆ ಹಚ್ಚಿ ಒಸಡಿಗೆ ಸವರಿ. ಬಾಯಿಗೆ ಸುರಿಯಬೇಡಿ, ಉಸಿರಿನ ಕೊಳವೆಗೆ ಹೋಗುತ್ತದೆ. ಫಿಟ್ಸ್ ಬರುತ್ತಿದ್ದರೆ ಕಚ್ಚಿಯಾನು, ಬೆರಳು ಹಲ್ಲಿನ ನಡುವೆ ಹೋಗದಿರಲಿ. ಸ್ವಲ್ಪ ಚೇತರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಇನ್ಸುಲಿನ್ ಇನ್ನೂ ಮೈಯಲ್ಲಿ ಕೆಲಸ ಮಾಡುತ್ತಿರುತ್ತದೆ. ನಮ್ಮ ಫ್ರಿಜ್ಜಿನ ಮೇಲೆ ಜೇನಿನ ಬಾಟಲಿ, ಅದಕ್ಕೆ ರಾತ್ರಿ ತೆರೆದಿರುವ ಆಸ್ಪತ್ರೆಯ ನಂಬರ್ ಅಂಟಿಸಿದ ಚೀಟಿ, ಈಗಲೂ ಹಾಗೇ ಇದೆ.

ಆಮೇಲೆ ಡೋಸ್ 2ಕ್ಕೆ ಬಂತು, ಈಗ 1 ಯುನಿಟ್. ಕೆಲವು ಬೆಕ್ಕುಗಳಿಗೆ ಇನ್ಸುಲಿನ್ ಪೂರ್ತಿ ನಿಲ್ಲುವುದೂ ಉಂಟು. ಸಾಮಾನ್ಯವಾಗಿ ಇನ್ಸುಲಿನ್ ಇಲ್ಲದೆ 4 ವಾರ ಶುಗರ್ ಸರಿಯಾಗಿದ್ದರೆ ಅದನ್ನು ರೆಮಿಷನ್ ಅನ್ನುತ್ತಾರೆ. ಆಗಲೂ ಆಗಾಗ ಶುಗರ್ ನೋಡುತ್ತಿರಬೇಕು, ಯಾಕೆಂದರೆ ಕಾಯಿಲೆ ಮರಳಿ ಬರಬಹುದು. ಸಿಂಗ ಇನ್ನೂ ಅಲ್ಲಿಗೆ ತಲುಪಿಲ್ಲ. ತಲುಪಲಿ ಅಂತ ನನಗೆ ತುಂಬ ಆಸೆ ಇದೆ, ಆದರೆ ಆ ಆಸೆಯಿಂದ ಒಂದು ಯುನಿಟ್ಟನ್ನೂ ನಾನಾಗಿ ಕಡಿಮೆ ಮಾಡುವುದಿಲ್ಲ. ಮುಂದಿನ ವಾರ ಮತ್ತೆ ಫ್ರಕ್ಟೋಸಮೈನ್ ಟೆಸ್ಟ್ ಇದೆ. ಅದರ ಫಲಿತಾಂಶವನ್ನೂ ನನ್ನ ನೋಟ್‌ಬುಕ್ಕಿನ ಅಂಕಿಗಳನ್ನೂ ಒಟ್ಟಿಗೆ ಇಟ್ಟು ನೋಡಿ ಮುಂದಿನ ಡೋಸ್ ಎಷ್ಟು ಅಂತ ಡಾಕ್ಟರ್ ಹೇಳುತ್ತಾರೆ.